ಅಪ್ಪನ ಬಂದೂಕಿನ ಸಡಿಲ ಪಟ್ಟಿ

ನಾನು ಚಿಕ್ಕವಳಿದ್ದಾಗ ಅಪ್ಪ ಫೌಜಿನ ಕೆಲಸ ಮುಗಿಸಿ ನಮ್ಮೂರು ಅಸೂಟಿಗೆ ಮರಳಿ ಬಂದ. ಹೋಗುವಾಗ ಹತ್ತು ಬೆರಳೂ ಗಟ್ಟಿಯಾಗಿದ್ದವಂತೆ. ಬರುವಾಗ ಬಲಗೈಯ ಮೂರು ಬೆರಳು ಒಣಗಿದ ಕಟ್ಟಿಗೆಯಂತೆ ಸೆಟೆದುಕೊಂಡಿದ್ದವು. ಹಿಮದ ಬೆಟ್ಟದ ಮೇಲೆ ಕಾವಲು ನಿಂತಾಗ ಚಳಿ ಕಚ್ಚಿ ಹಾಗಾಗಿತ್ತು. ಮೊಮ್ಮಕ್ಕಳೇ, ಐಸ್ ಕ್ಯಾಂಡಿ ಹಿಡಿದರೆ ನಿಮ್ಮ ಬೆರಳು ಜೋಮು ಹಿಡಿಯುತ್ತದಲ್ಲ, ಅಂಥ ಜೋಮು ಮತ್ತೆಂದೂ ಬಿಡದೇ ಹೋದರೆ ಹೇಗೋ ಹಾಗೆ. ಬಿತ್ತುವ ಕುರಿಗಿ ಹಿಡಿಯಲು, ಹಗ್ಗ ಬಿಗಿಯಲು ಅಪ್ಪನಿಗೆ ಆಗುತ್ತಿರಲಿಲ್ಲ. ಹೊಲ ಅವ್ವನ ಪಾಲಿಗೆ ಬಂತು. ಅಪ್ಪನ ಅಂಗಿಯ ಗುಂಡಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ದಿನಾ ಬೆಳಗ್ಗೆ ಅಪ್ಪ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದ, ನಾನು ಮೇಲಿನಿಂದ ಕೆಳಗೆ ಆರು ಗುಂಡಿ ಹಾಕುತ್ತಿದ್ದೆ.

ಬಂದೂಕಿನ ಈ ಸಂಗತಿ ನಡೆದ ವರ್ಷ ನಾನು ಏಳನೆಯ ಇಯತ್ತೆ ಪಾಸಾಗಿದ್ದೆ. ಊರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಹೈಸ್ಕೂಲು ರೋಣದಲ್ಲಿತ್ತು. ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು. ಅದರಲ್ಲಿ ಹೆಣ್ಣುಹುಡುಗಿಯನ್ನು ಒಬ್ಬಳೇ ಕಳಿಸುವ ಮಾತನ್ನು ನಮ್ಮ ಓಣಿಯಲ್ಲಿ ಯಾರೂ ಎತ್ತಿರಲಿಲ್ಲ. ನನ್ನ ಜೊತೆಯ ಹುಡುಗಿಯರೆಲ್ಲ ಆಗಲೇ ಬುತ್ತಿ ಹೊತ್ತು ಹೊಲಕ್ಕೆ ಹೋಗತೊಡಗಿದ್ದರು. ನಾನು ಮಾತ್ರ ಏಳನೆಯ ಇಯತ್ತೆಯ ಪುಸ್ತಕಗಳನ್ನೇ ಮತ್ತೆ ಮತ್ತೆ ಓದುತ್ತ, ಜೂನ್ ತಿಂಗಳು ಬರುವುದನ್ನು ಕಾಯುತ್ತಿದ್ದೆ.

ಅಷ್ಟರಲ್ಲಿ ರೋಣದ ಒಂದು ಬ್ಯಾಂಕಿಗೆ ಬಂದೂಕಿನ ಕಾವಲುಗಾರ ಬೇಕಾಗಿದ್ದಾನೆ ಎಂಬ ಸುದ್ದಿ ಬಂತು. ಫೌಜಿನಲ್ಲಿ ಇದ್ದವರಿಗೇ ಆ ಕೆಲಸ. ಆದರೆ ಸ್ವಂತ ಬಂದೂಕು, ಅದಕ್ಕೆ ಲೈಸನ್ಸು ಇರಬೇಕು, ಬಂದೂಕು ನೆಟ್ಟಗೆ ನಡೆಯಬೇಕು. ಅಪ್ಪ ಅರ್ಜಿ ಹಾಕಿದ.

"ಕೆಲಸ ಆತಂದ್ರ ರೋಣದಾಗ ಮನಿ ಮಾಡೂಣು. ನಿನ್ನ ಹೆಸರು ಹೈಸ್ಕೂಲಿಗೆ ಹಚ್ಚೂಣು," ಎಂದು ನನಗೆ ಹೇಳಿದ.

ಅಪ್ಪನ ಬಂದೂಕು ಹೊಸದಲ್ಲ. ಊರಿನ ಹಿರಿಯ ಜಮೀನ್ದಾರರೊಬ್ಬರ ಮನೆಯಲ್ಲಿ ಬಹಳ ವರ್ಷ ಸುಮ್ಮನೆ ಬಿದ್ದಿದ್ದ ವಿಲಾಯಿತಿ ಬಂದೂಕು ಅದು. ಕಾಗದಪತ್ರ ಎಲ್ಲ ಮಾಡಿಸಿ ಅಪ್ಪ ಅದನ್ನು ತನ್ನ ಹೆಸರಿಗೆ ತೆಗೆದುಕೊಂಡಿದ್ದ. ನಳಿಗೆಯ ಕೆಳಗೆ ಇನ್ನೊಂದು ಸಣ್ಣ ನಳಿಗೆ. ತೋಟಾಗಳು ಅದರೊಳಗೆ ಸಾಲಾಗಿ ಕೂಡುತ್ತಿದ್ದವು. ಮುಂದಿನ ಕಟ್ಟಿಗೆಯ ಹಿಡಿಯನ್ನು ಒಮ್ಮೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಒಂದು ತೋಟಾ ಮೇಲೇರಿ ತನ್ನ ಜಾಗಕ್ಕೆ ಹೋಗುತ್ತಿತ್ತು. ಹಾಗೆ ಹೋಗಬೇಕಿತ್ತು ಎನ್ನುವುದೇ ಸರಿ. ಏಕೆಂದರೆ ಬಂದೂಕನ್ನು ಅಲುಗಾಡಿಸಿದರೆ ಒಳಗೆ ಏನೋ ಕಟಕಟ ಎನ್ನುತ್ತಿತ್ತು. ಹಿಡಿ ಎಳೆದಾಗ ಒಂದರ ಬದಲು ಎರಡು ತೋಟಾ ಒಟ್ಟಿಗೆ ನುಗ್ಗಿ ನಡುವೆ ಸಿಕ್ಕಿಕೊಳ್ಳುತ್ತಿದ್ದವು. ಖರೇ ತೋಟಾಗಳನ್ನು ಅಪ್ಪ ಬೀಗ ಹಾಕಿದ ಟ್ರಂಕಿನಲ್ಲಿ ಇಟ್ಟಿದ್ದ. ತಾಲೀಮಿಗೆಂದು ಬೇವಿನ ಕಟ್ಟಿಗೆಯಲ್ಲಿ ಅದೇ ಅಳತೆಯ ಐದು ತೋಟಾ ಕೆತ್ತಿಕೊಂಡಿದ್ದ. ಎಡಗೈಯಿಂದ ಕೆತ್ತಿದ್ದಾದರೂ ಒಂದರಂತೆ ಒಂದು ಇದ್ದವು.

ಹುಬ್ಬಳ್ಳಿಯ ಅಂಗಡಿಗೆ ಹೋಗಿ ಕೇಳಿದರೆ, ಬಿಡಿಭಾಗ ಬರಬೇಕು, ತಿಂಗಳು ಬಿಟ್ಟು ಬರ್ರಿ ಎಂದರಂತೆ. ಬ್ಯಾಂಕಿನಿಂದ ಕಾಗದ ಬಂದಿದ್ದು ಶುಕ್ರವಾರ. ಸೋಮವಾರ ಹತ್ತು ಗಂಟೆಗೆ ಬಂದೂಕು ತೋರಿಸಬೇಕಿತ್ತು. ಶನಿವಾರ ಇಡೀ ದಿನ ಅಪ್ಪ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತ. ಸಂಜೆ ಎದ್ದು ಹೇಳಿದ.

"ಗಜೇಂದ್ರಗಡದಾಗ ಒಬ್ರು ಉಸ್ತಾದ್ರು ಅದಾರ. ರೈತರ ಬಂದೂಕು ರಿಪೇರಿ ಮಾಡ್ತಾರ. ನಾಳೆ ಹೋಗ್ತೀನಿ."

"ನಾನೂ ಬರ್ತೀನಿ," ಎಂದೆ.

"ಹೆಣ್ಣುಹುಡುಗಿಗೆ ಬಂದೂಕಿನ ಕೂಡ ಏನ್ ಕೆಲಸ?" ಎಂದಳು ಅವ್ವ.

"ಅಪ್ಪನ ಬೆರಳು ಆಡಂಗಿಲ್ಲ. ಸಣ್ಣ ಸ್ಕ್ರೂ ಹಿಡಿಯಾಕ ನಾನ ಬೇಕು."

ಅವ್ವ ನನ್ನ ಮುಖ ನೋಡಿದಳು, ಅಪ್ಪನ ಕೈ ನೋಡಿದಳು, ಆಮೇಲೆ ರೊಟ್ಟಿಯ ಹಿಟ್ಟಿಗೆ ಇನ್ನೆರಡು ಹಿಡಿ ಜಾಸ್ತಿ ಹಾಕಿದಳು.

ಭಾನುವಾರ ಮೊದಲ ಬಸ್ಸಿಗೆ ಹೊರಟೆವು. ರೋಹಿಣಿ ಮಳೆ ಇನ್ನೂ ಬಿದ್ದಿರಲಿಲ್ಲ. ಎರೆ ಹೊಲಗಳು ಅಂಗೈಯಗಲದ ಬಿರುಕು ಬಿಟ್ಟಿದ್ದವು. ಬೆಳಗಿನ ಗಾಳಿಯೇ ಒಲೆಯ ಮುಂದೆ ಕುಳಿತ ಹಾಗೆ ಬಿಸಿಯಾಗಿತ್ತು. ಅಪ್ಪ ಬಂದೂಕನ್ನು ಹಳೆಯ ಕೌದಿಯಲ್ಲಿ ಸುತ್ತಿ, ನಳಿಗೆಯ ಬಾಯಿ ಕೆಳಗೆ ಮಾಡಿ, ಮೊಣಕಾಲುಗಳ ನಡುವೆ ಹಿಡಿದು ಕುಳಿತಿದ್ದ. ಸುತ್ತುವ ಮೊದಲು ಮೂರು ಸಲ ತೆರೆದು ಖಾಲಿ ಇದೆಯೆಂದು ನೋಡಿದ್ದ. ಖಾಲಿ ಎಂದು ಗೊತ್ತಿದ್ದರೂ ನೋಡುತ್ತಿದ್ದ.

"ಏನ್ರಿ ಅದು, ಕೌದ್ಯಾಗ ಸುತ್ತಿದ್ದು?" ಕಂಡಕ್ಟರ್ ಕೇಳಿದ.

"ಬಂದೂಕ್ರಿ. ಖಾಲಿ ಐತಿ. ಲೈಸನ್ಸ್ ಇಲ್ಲೈತಿ ನೋಡ್ರಿ."

"ಲೈಸನ್ಸ್ ನೋಡಿದ್ರ ನನಗೇನ್ ತಿಳಿತೈತ್ರಿ. ನಳಿಗಿ ಮಾತ್ರ ನನ್ನ ಕಡೆ ಮಾಡಬ್ಯಾಡ್ರಿ."

ಹಿಂದಿನ ಸೀಟಿನವರು ಒಬ್ಬೊಬ್ಬರೇ ಎದ್ದು ಮುಂದೆ ಹೋದರು. ರೋಣದವರೆಗೆ ನಾನು ಕಾಲು ಚಾಚಿಕೊಂಡು ಕುಳಿತೆ.

ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡ ಮುಟ್ಟಿದಾಗ ಹೊತ್ತು ಏರಿತ್ತು. ಮೇಲೆ ಗುಡ್ಡದ ಬಂಡೆಗಳು ಬಿಸಿಲಿಗೆ ಕಾಯುತ್ತಿದ್ದವು. ಕೆಳಗೆ ಓಣಿಯ ತುಂಬ ಮಗ್ಗಗಳ ಸದ್ದು. ಉಸ್ತಾದರ ಅಂಗಡಿ ಅವರ ಮನೆಯ ಮುಂದಿನ ತಗಡಿನ ಕೋಣೆಯೇ. ಗೋಡೆಯ ಮೇಲೆ ಅವರ ರಿಪೇರಿ ಲೈಸನ್ಸು ಕನ್ನಡಿ ಹಾಕಿಸಿಕೊಂಡು ಕುಳಿತಿತ್ತು. ಕೆಳಗೆ ಬೀಗಗಳು, ಪಂಪಿನ ಸ್ಟೋಗಳು, ರೈತರು ಬಿಟ್ಟುಹೋದ ಎರಡು ಹಳೆಯ ಬಂದೂಕು. ಸೀಮೆಎಣ್ಣೆ ಮತ್ತು ಕಬ್ಬಿಣದ ಪುಡಿಯ ವಾಸನೆ ಗಂಟಲಿಗೇ ಇಳಿಯುತ್ತಿತ್ತು. ಉಸ್ತಾದರದು ಬಿಳಿ ಗಡ್ಡ, ತೋಳಿನ ಬನಿಯನ್ನು, ದಪ್ಪ ಗಾಜಿನ ಚಷ್ಮಾ. ಬಂದೂಕನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು. ಅಲುಗಾಡಿಸಿ ಕಿವಿ ಕೊಟ್ಟರು. ಮರಳಿ ಅಪ್ಪನ ಕೈಗೆ ಕೊಟ್ಟರು.

"ಫೌಜಿ ಸಾಹೇಬ್ರ, ಸುಳ್ಳು ಹೇಳಂಗಿಲ್ಲ. ನಡು ಮುರಿದು ತೋಟಾ ತುಂಬೋ ಬಂದೂಕು ನೂರು ರಿಪೇರಿ ಮಾಡೀನಿ. ಇಂಥಾ ಎಳಿಯೋ ಬಂದೂಕಿನ ಹೊಟ್ಟಿ ಒಮ್ಮಿನೂ ತಗದಿಲ್ಲ. ಮ್ಯಾಲ ಕಣ್ಣಾಗ ಪೊರಿ ಬಂದೈತಿ."

"ಬಿಚ್ಚೂದು ನನಗ ಗೊತ್ತೈತ್ರಿ. ಬೆರಳಿಲ್ಲ," ಎಂದ ಅಪ್ಪ.

"ಬೆರಳು ನಂದು ಅದಾವ್ರಿ. ಕಣ್ಣೂ ಅದಾವು," ಎಂದೆ ನಾನು.

ಉಸ್ತಾದರು ಚಷ್ಮಾ ಮೇಲೆತ್ತಿ ನನ್ನನ್ನು ನೋಡಿದರು. ಆಮೇಲೆ ಸರಿದು ಕುಳಿತು ಚಾಪೆಯ ಮೇಲೆ ಜಾಗ ಮಾಡಿದರು. "ಕುಂದರು ಬೇಟಿ. ನೋಡೂಣು."

ಅಪ್ಪ ಬಿಳಿಯ ಬಟ್ಟೆ ಹಾಸಿಸಿದ. ಒಂದೊಂದು ಭಾಗ ಹೇಗೆ ಹೊರಗೆ ಬರುತ್ತದೆಂದು ಅವನು ಹೇಳುತ್ತ ಹೋದ, ಉಸ್ತಾದರು ತಿರುಪುಳಿ ತಿರುಗಿಸುತ್ತ ಹೋದರು, ನಾನು ಎತ್ತಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತ ಹೋದೆ. ನನ್ನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಪ್ರತಿಯೊಂದರ ಚಿತ್ರ ಬರೆದು ನಂಬರು ಹಾಕಿದೆ. ಯಾವುದು ಮೊದಲು ಬಂತು, ಯಾವ ಮುಖ ಮೇಲಿತ್ತು ಎಲ್ಲವನ್ನೂ ಬರೆದೆ. ಹದಿನಾಲ್ಕು ಭಾಗವಾದವು. ಹಳೆಯ ಎಣ್ಣೆ ಗಟ್ಟಿಯಾಗಿ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ತೊಳೆದಾಗ ಒಳಗಿನ ಉಕ್ಕು ಹೊಳೆಯಿತು.

ಆಗ ಸಿಕ್ಕಿತು ಕಟಕಟ ಎನ್ನುತ್ತಿದ್ದ ಕಳ್ಳ. ಬಂದೂಕಿನ ಒಳಗೋಡೆಗೆ ಅಂಟಿದಂತಿರಬೇಕಾದ ಒಂದು ತೆಳ್ಳನೆಯ ಉಕ್ಕಿನ ಪಟ್ಟಿ ಅದು. ಒಂದು ತೋಟಾ ಮುಂದೆ ಹೋಗುವಾಗ ಇನ್ನೊಂದನ್ನು ತಡೆದು ನಿಲ್ಲಿಸುವುದೇ ಅದರ ಕೆಲಸ, ಬಾಗಿಲಲ್ಲಿ ನಿಂತ ಪ್ಯೂನನ ಹಾಗೆ. ಅದು ಕುಳಿತಿದ್ದ ಸಣ್ಣ ಕಾಲುವೆಯಂಥ ಸಾಲಿನ ಅಂಚು ಸವೆದು ಪಟ್ಟಿ ಸಡಿಲಾಗಿ, ಮುದುಕರ ಹಲ್ಲಿನಂತೆ ಅಲುಗಾಡುತ್ತಿತ್ತು.

"ಬೆಸುಗಿ ಹಾಕಿದ್ರ ಆತು," ಎಂದರು ಉಸ್ತಾದರು.

"ಬ್ಯಾಡ್ರಿ. ಅದು ಸ್ಪ್ರಿಂಗಿನ ಉಕ್ಕು. ಬಿಸಿ ತಗಲಿದ್ರ ಹದಾ ಹೋಗ್ತೈತಿ. ಆಮ್ಯಾಲೆ ತಗಡಿನಂಗ ಬಾಗಿ ಬಿಡ್ತೈತಿ."

ಉಸ್ತಾದರು ಗಡ್ಡ ಕೆರೆದುಕೊಂಡರು. ಅಪ್ಪ ಹೇಳಿದ್ದು ಸರಿ ಎಂದು ಅವರಿಗೂ ಗೊತ್ತಿತ್ತು. ಇಬ್ಬರೂ ಆ ಪಟ್ಟಿಯನ್ನೇ ತಿರುಗಿಸಿ ತಿರುಗಿಸಿ ನೋಡತೊಡಗಿದರು. ಆ ಹೊತ್ತಿನಲ್ಲೇ ನಾನು ಒಂದು ತಪ್ಪು ಮಾಡಿದೆ. ಏಳನೆಯ ನಂಬರಿನ ಸಣ್ಣ ಸುರುಳಿ ಸ್ಪ್ರಿಂಗನ್ನು ಒರೆಸುತ್ತಿದ್ದೆ. ಒತ್ತಿ ಹಿಡಿದಿದ್ದ ಬೆರಳು ಜಾರಿತು. ಸ್ಪ್ರಿಂಗು ಟಿಂಗ್ ಎಂದು ಹಾರಿ ಎಲ್ಲೋ ಹೋಗಿಬಿಟ್ಟಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆದರೆ ಅಳುತ್ತ ಕುಳಿತರೆ ಸ್ಪ್ರಿಂಗು ತಾನಾಗಿ ಬರುವುದಿಲ್ಲವೆಂದು ತಿಳಿಯುವಷ್ಟು ದೊಡ್ಡವಳಿದ್ದೆ. ಪರಕಾರದ ನೆರಿಗೆ ಎತ್ತಿ ಕಟ್ಟಿ, ಮೊಣಕಾಲೂರಿ ಹುಡುಕತೊಡಗಿದೆ. ಆ ನೆಲದ ಮೇಲೆ ಎಷ್ಟೋ ವರ್ಷದ ಕಬ್ಬಿಣದ ಪುಡಿ, ಮೊಳೆ, ಕಟ್ಟಿಗೆಯ ಚಕ್ಕೆ, ಬೀಡಿಯ ತುಂಡು. ಕೈಯಾಡಿಸಿದರೆ ಎಲ್ಲವೂ ಒಂದೇ ಬಣ್ಣ. ಅರ್ಧ ಗಂಟೆಯಾದರೂ ಸಿಗಲಿಲ್ಲ.

ಒಳಗಿನಿಂದ ಉಸ್ತಾದರ ಹೆಂಡತಿ ಚಹಾ ತಂದರು. ನಾನು ಅವರನ್ನು ಚಾಚಿ ಎಂದು ಕರೆದೆ. "ಚಾಚಿ, ಜ್ವಾಳಾ ಸಾಣಿಸೋ ಜರಡಿ ಐತೇನ್ರಿ?"

ಅವರು ಜರಡಿ ತಂದುಕೊಟ್ಟು, ತಾವೂ ಸೆರಗು ಸಿಕ್ಕಿಸಿಕೊಂಡು ಪೊರಕೆ ಹಿಡಿದರು. ಕೋಣೆಯ ಒಂದೊಂದೇ ಮೂಲೆಯ ಧೂಳನ್ನು ಗುಡಿಸಿ ಕೊಟ್ಟರು. ನಾನು ಹೊಸ್ತಿಲ ಬೆಳಕಿನಲ್ಲಿ ಕುಳಿತು ಸಾಣಿಸಿದೆ. ಮೂಗು, ರೆಪ್ಪೆ ಎಲ್ಲ ಕಪ್ಪಾದವು. ಮೊದಲ ಜರಡಿಯಲ್ಲಿ ಬೀಗದ ಎರಡು ಸಣ್ಣ ಕೀಲಿಕೈ ಸಿಕ್ಕವು. ಎರಡನೆಯದರಲ್ಲಿ ಚಾಚಿಯದೇ ಕಳೆದುಹೋದ ಮೂಗುತಿಯ ತಿರುಪು ಸಿಕ್ಕಿತು. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಆರನೆಯ ಸಲವೋ ಏಳನೆಯ ಸಲವೋ, ಚಕ್ಕೆಗಳ ನಡುವೆ ಸುರುಳಿಯೊಂದು ಮಿಂಚಿತು. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದು ಅಪ್ಪನ ಮುಂದೆ ಬಿಚ್ಚಿದೆ.

"ಹೂಂ. ಏಳನೇ ನಂಬರಿನ ಜಾಗಾದಾಗ ಇಡು," ಎಂದ ಅಪ್ಪ. ಅಷ್ಟೇ.

ಚಾಚಿ ನೀರು ಕೊಟ್ಟರು. ಮುಖ ತೊಳೆದುಕೊಳ್ಳುವಾಗ ಕಿವಿಯ ಬೆಂಡೋಲಿಗೆ ಕೈ ತಗಲಿತು. ಹಿಂದಿನ ವರ್ಷ ಅದರ ಕೆಂಪು ಹರಳು ಬಿದ್ದುಹೋಗಿತ್ತು. ಅವ್ವ ಅಕ್ಕಸಾಲಿಗ ಪತ್ತಾರರ ಬಳಿ ಹರಳನ್ನು ಮತ್ತೆ ಕೂರಿಸಿಕೊಳ್ಳುವಾಗ ನಾನು ಪಕ್ಕದಲ್ಲೇ ಕುಳಿತು ನೋಡಿದ್ದೆ. ಪತ್ತಾರರು ಬೆಂಕಿ ಹಚ್ಚಿರಲಿಲ್ಲ.

"ಉಸ್ತಾದ್ರ," ಎಂದೆ ಹೆದರುತ್ತ. "ಈ ಹರಳು ಬೆಸದಿಲ್ರಿ. ಸುತ್ತಲಿನ ಅಂಚು ಸಣ್ಣ ಉಳಿಲೆ ಒತ್ತಿ ಹರಳಿನ ಮ್ಯಾಲ ತಂದಾರ. ಪಟ್ಟಿಗೂ ಹಂಗ ಮಾಡಾಕ ಬರಂಗಿಲ್ಲೇನ್ರಿ?"

ಉಸ್ತಾದರು ಬಂದೂಕನ್ನು ಕಿಟಕಿಯ ಕಡೆ ತಿರುಗಿಸಿ, ಒಳಗಿನ ಸಾಲಿನ ಅಂಚಿನ ಮೇಲೆ ಉಗುರು ಓಡಿಸಿದರು. ಎರಡು ಸಲ ಓಡಿಸಿದರು.

"ಮೊದಲ ಮಾಡಿದವನೂ ಹಂಗ ಮಾಡ್ಯಾನ. ಹಳೇ ಪೆಟ್ಟಿನ ಗುರುತು ಕೈಗೆ ಹತ್ತಾಕತ್ತೈತಿ," ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಫೌಜಿ ಸಾಹೇಬ್ರ, ಹುಡುಗಿನ್ನ ಸಾಲಿ ಬಿಡಿಸಬ್ಯಾಡ್ರಿ," ಎಂದರು.

"ಅದಕ್ಕ ಬಂದೀವ್ರಿ," ಎಂದ ಅಪ್ಪ.

ಆದರೆ ಬಂದೂಕಿನ ಹೊಟ್ಟೆ ಇಕ್ಕಟ್ಟು. ನೆಟ್ಟನೆಯ ಉಳಿ ಒಳಗೆ ಹೋಗುತ್ತಿರಲಿಲ್ಲ. ಉಸ್ತಾದರು ಒಂದು ಹಳೆಯ ಉಳಿಯನ್ನು ಕಾಯಿಸಿ ಬಾಗಿಸಿ, ಅರದಿಂದ ಉಜ್ಜಿ ಮೂತಿ ಮೊಂಡು ಮಾಡಿದರು. ಅದಕ್ಕೇ ಒಂದು ತಾಸು ಹೋಯಿತು. ತಗಡಿನ ಕೋಣೆ ಹಂಚಿನಂತೆ ಕಾದಿತ್ತು. ಅವರ ಬೆವರು ಗಡ್ಡದ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒಳಗೆ ಬೆಳಕು ಬೇಕಲ್ಲ, ಚಾಚಿ ತಮ್ಮ ಕೈಗನ್ನಡಿ ತಂದು ಹೊಸ್ತಿಲಲ್ಲಿ ನಿಂತು ಬಿಸಿಲನ್ನು ಬಂದೂಕಿನ ಒಳಗೆ ಬೀಳಿಸಿದರು. ಅಪ್ಪ ಬಂದೂಕನ್ನು ಎರಡೂ ಅಂಗೈಗಳಲ್ಲಿ ಅವುಚಿ ಹಿಡಿದ. ನಾನು ಚಿಮಟದಿಂದ ಪಟ್ಟಿಯನ್ನು ಸಾಲಿನಲ್ಲಿ ಒತ್ತಿ ಹಿಡಿದು, ಉಳಿಯ ಮೂತಿ ಎಲ್ಲಿದೆಯೆಂದು ನೋಡಿ ಹೇಳಬೇಕಿತ್ತು.

"ಒಂಚೂರು ಎಡಕ್ಕರಿ. ಇನ್ನೊಂಚೂರು. ಹಾಂ, ಈಗ ಹೊಡೀರಿ."

ಮೊದಲ ಸಲ ಹೊಡೆದಾಗ ಪಟ್ಟಿ ಬಿಗಿಯಾಯಿತು. ಕಟಕಟ ನಿಂತಿತು. ಎಲ್ಲ ಭಾಗಗಳನ್ನು ನನ್ನ ಚಿತ್ರ ನೋಡಿ ನೋಡಿ ಕೊನೆಯ ನಂಬರಿನಿಂದ ಮೊದಲಿನವರೆಗೆ ಜೋಡಿಸಿದೆವು. ಅಪ್ಪ ಕಟ್ಟಿಗೆಯ ತೋಟಾ ತುಂಬಿ ಹಿಡಿ ಎಳೆದ. ಒಂದು ಬಂತು, ಎರಡನೆಯದು ಬಂತು, ಮೂರು ಮತ್ತು ನಾಲ್ಕು ಒಟ್ಟಿಗೆ ಬಂದು ಸಿಕ್ಕಿಕೊಂಡವು.

ಊರಿಗೆ ಹೋಗುವ ಕೊನೆಯ ಬಸ್ಸಿಗೆ ಎರಡೇ ತಾಸು ಉಳಿದಿತ್ತು.

"ಮತ್ತ ಬಿಚ್ಚೂಣು," ಎಂದ ಅಪ್ಪ.

ಮತ್ತೆ ಹದಿನಾಲ್ಕು ಭಾಗ ಹೊರಗೆ ಬಂದವು. ಈ ಸಲ ನಾನು ಕಣ್ಣು ಪೂರ್ತಿ ಹತ್ತಿರ ಒಯ್ದು ನೋಡಿದೆ. ಪಟ್ಟಿಯ ಹಿಂದಿನ ತುದಿ ಬಿಗಿಯಾಗಿತ್ತು, ಮುಂದಿನ ತುದಿಯಲ್ಲಿ ಕೂದಲೆಳೆಯಷ್ಟು ಸಂದು ಉಳಿದಿತ್ತು. ಉಸ್ತಾದರಿಗೆ ಅದು ಕಾಣಲಿಲ್ಲ, ಆದರೆ ನನ್ನ ಮಾತನ್ನು ನಂಬಿದರು. ಮೂರು ಕಡೆ ಹಗುರ ಪೆಟ್ಟು ಕೊಟ್ಟರು. ಚಾಚಿಯ ತೋಳು ಸೋತು ಬಿಸಿಲಿನ ಚೌಕ ನಡುಗುತ್ತಿತ್ತು. ಆದರೂ ಅವರು ಕನ್ನಡಿ ಕೆಳಗಿಳಿಸಲಿಲ್ಲ. ಮತ್ತೆ ಜೋಡಿಸಿ ಅಪ್ಪ ಹಿಡಿ ಎಳೆದ. ಐದೂ ತೋಟಾ ಒಂದರ ಹಿಂದೆ ಒಂದು ಬಂದು ಚಾಪೆಯ ಮೇಲೆ ಬಿದ್ದವು. ಮತ್ತೆ ತುಂಬಿ ಎಳೆದ. ಹತ್ತು ಸಲ ಹಾಗೆ ಮಾಡಿದ. ಹತ್ತನೆಯ ಸಲ ಮುಗಿದ ಮೇಲೆ ಉಸ್ತಾದರು ಚಷ್ಮಾ ತೆಗೆದು ಬನಿಯನ್ನಿನ ತುದಿಯಿಂದ ಒರೆಸಿಕೊಂಡರು.

"ಇನ್ನ ಊಟ ಮಾಡೂಣೇನ?" ಎಂದರು. ನಮ್ಮ ರೊಟ್ಟಿ, ಶೇಂಗಾ ಚಟ್ನಿ, ಚಾಚಿಯ ಬದನೆಕಾಯಿ ಪಲ್ಯ ಎಲ್ಲ ಒಂದೇ ಚಾಪೆಯ ಮೇಲೆ ಬಂತು. ಅಷ್ಟು ರುಚಿಯಾದ ಊಟ ಅದಕ್ಕೂ ಮೊದಲು ನಾನು ಉಂಡಿರಲಿಲ್ಲ.

ಸೋಮವಾರ ನಾನೂ ಬ್ಯಾಂಕಿಗೆ ಹೋದೆ. ಬಾಗಿಲ ಹೊರಗೆ ಕಟ್ಟೆಯ ಮೇಲೆ ನಿಂತು ಕಿಟಕಿಯ ಸರಳಿನಿಂದ ನೋಡಿದೆ. ಇನ್ನೊಬ್ಬ ಫೌಜಿಯೂ ಬಂದಿದ್ದ, ಅವನ ಬಂದೂಕು ಹೊಳೆಯುತ್ತಿತ್ತು. ಹೊರ ಊರಿನಿಂದ ಬಂದ ಸಾಹೇಬರು ಅಪ್ಪನ ಕೈ ನೋಡಿ, "ಬೆರಳು ಹೀಗಿವೆಯಲ್ಲ, ಇದರಿಂದ ಆಗುತ್ತದೆಯೇ?" ಎಂದು ಕೇಳಿದರು.

"ನೋಡ್ರಿ ಸಾಹೇಬ್ರ," ಎಂದ ಅಪ್ಪ.

ತುಂಬುವಾಗ ಒಂದು ಕಟ್ಟಿಗೆಯ ತೋಟಾ ಕೈ ಜಾರಿ ಉರುಳಿ ಸಾಹೇಬರ ಬೂಟಿನ ಬಳಿ ಹೋಯಿತು. ಅಪ್ಪ ಅವಸರ ಮಾಡಲಿಲ್ಲ. ಬಾಗಿ ಎತ್ತಿಕೊಂಡ, ಅಂಗೈಯಿಂದ ಒರೆಸಿದ, ಒಳಗೆ ತಳ್ಳಿದ. ಆಮೇಲೆ ಐದು ಸಲ ಹಿಡಿ ಎಳೆದ. ಬಂದೂಕು ತಡವರಿಸಲಿಲ್ಲ. ಸಾಹೇಬರು ಇನ್ನೊಮ್ಮೆ ಮಾಡಿಸಿದರು, ಮತ್ತೂ ಒಮ್ಮೆ ಮಾಡಿಸಿದರು. ಕೊನೆಗೆ, ಕಾಗದ ಬರೆಯುತ್ತೇವೆ ಎಂದಷ್ಟೇ ಹೇಳಿ ಕಳಿಸಿದರು.

ಕಾಗದ ಬರುವ ಹೊತ್ತಿಗೆ ಜೂನ್ ಅರ್ಧ ಕಳೆದಿತ್ತು, ಶಾಲೆ ಶುರುವಾಗಿ ಹದಿನೈದು ದಿನವಾಗಿತ್ತು. ಅಪ್ಪನಿಗೆ ಕೆಲಸ ಸಿಕ್ಕಿತ್ತು. ಅದೇ ದಿನ ಅಪ್ಪ ನನ್ನನ್ನು ಹೈಸ್ಕೂಲಿಗೆ ಕರೆದೊಯ್ದ. ಹೆಡ್‌ಮಾಸ್ತರರು, "ಹದಿನೈದು ದಿನದ ಪಾಠ ತಪ್ಪೈತಲ್ಲ, ಹ್ಯಾಂಗ ಮಾಡ್ತಿ?" ಎಂದು ನನ್ನನ್ನೇ ಕೇಳಿದರು. "ಬರದು ತೋರಸ್ತೀನ್ರಿ ಸರ್," ಎಂದೆ. ಎಂಟು ದಿನದಲ್ಲಿ ಎಲ್ಲ ವಿಷಯದ ಪಾಠ ನಕಲು ಮಾಡಿ ಅವರ ಮೇಜಿನ ಮೇಲಿಟ್ಟೆ. ರೋಣದಲ್ಲೇ ಮನೆ ಮಾಡಿದೆವು, ಅಪ್ಪ ಆ ಬ್ಯಾಂಕಿನ ಬಾಗಿಲಲ್ಲಿ ಬಹಳ ವರ್ಷ ನಿಂತ. ಅಷ್ಟೂ ವರ್ಷದಲ್ಲಿ ಆ ಬಂದೂಕಿನಿಂದ ಒಂದು ಗುಂಡೂ ಹಾರಲಿಲ್ಲ. ಅದನ್ನು ಹೇಳುವಾಗ ಅಪ್ಪನ ದನಿಯಲ್ಲಿ ಹೆಮ್ಮೆ ಇರುತ್ತಿತ್ತು.

ಮಕ್ಕಳೇ, ಈಗ ನೀವು ಇರುವುದೂ ಅದೇ ರೋಣದಲ್ಲಿ. ಹಳದಿ ಬಸ್ಸು ನಿಮ್ಮ ಬಾಗಿಲಿಗೇ ಬಂದು ಹಾರ್ನ್ ಹೊಡೆಯುತ್ತದೆ. ಬ್ಯಾಂಕಿನಲ್ಲಿ ಗೋಡೆಯ ಮೇಲಿನ ಕ್ಯಾಮೆರಾ ಕಾವಲು ಕಾಯುತ್ತದೆ. ನಿಮ್ಮ ಆಟಿಕೆ, ಮೊಬೈಲು ಕೆಟ್ಟರೆ ಬಿಚ್ಚಲು ಹೊರಗೆ ಒಂದು ಸ್ಕ್ರೂ ಕೂಡ ಕಾಣುವುದಿಲ್ಲ. ನಾನು ತಿರುಗಿಸಿ ತಿರುಗಿಸಿ ನೋಡಿ ಸುಮ್ಮನಾಗುತ್ತೇನೆ. ಹುಡುಗಿ ಯಾಕೆ ಶಾಲೆಗೆ ಹೋಗಬೇಕೆಂದು ನಮ್ಮ ಓಣಿಯಲ್ಲಿ ಈಗ ಯಾರೂ ಕೇಳುವುದಿಲ್ಲ. ಅದು ನನಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ.

ಇವತ್ತು ಬೆಳಗ್ಗೆ ನೀವಿಬ್ಬರೂ ಕೌದಿ ಹೊದ್ದು ಮಲಗಿ, "ಆಯಿ, ಇವತ್ತೊಂದು ದಿನ ಸಾಲಿ ಬ್ಯಾಡ," ಎಂದು ಹಟ ಹಿಡಿದಿರಿ. ಬಸ್ಸು ಹಾರ್ನ್ ಹೊಡೆದೂ ಹೊಡೆದೂ ಹೋಯಿತು, ನೀವು ಮಿಸುಕಲಿಲ್ಲ. ನಾನು ಸಾಲಿ ಬೇಕೆಂದು ಹಟ ಹಿಡಿದಿದ್ದೆ, ನೀವು ಬೇಡವೆಂದು ಹಿಡಿಯುತ್ತೀರಿ. ಕಾಲ ಎಷ್ಟು ಬದಲಾದರೂ ಹಟ ಮಾತ್ರ ನಮ್ಮ ಮನೆಯದೇ. ಏಳಿ ಈಗ, ಮುಖ ತೊಳೆಯಿರಿ. ನಾನೇ ನಡೆಸಿಕೊಂಡು ಹೋಗಿ ಬಿಟ್ಟು ಬರುತ್ತೇನೆ.